ತಿಪ್ಪೆಗುಂಡಿಯ ಮೇಲಿನ ಅಂಗಳ

ಮೊಮ್ಮಕ್ಕಳೇ, ನೀವು ಚಿಕ್ಕವರಿದ್ದಾಗ ನಾನು ನಿಮಗೆ ಒಂದು ಮಾತು ಹೇಳಿಕೊಟ್ಟಿದ್ದೆ. ಪಕ್ಕದ ಚಿಕ್ಕಜ್ಜಿಯ ಮನೆ ನಮ್ಮ ಹಳೆಯ ತಿಪ್ಪೆಗುಂಡಿಯ ಮೇಲೆ ಕಟ್ಟಿದ್ದು ಅಂತ. ನೀವು ನಂಬಿದಿರಿ. ನಿಮ್ಮಲ್ಲಿ ಒಬ್ಬ ಅವಳ ಅಂಗಳದಲ್ಲಿ ಮೂಗು ಮುಚ್ಚಿಕೊಂಡು ಓಡಾಡಿ ಎಲ್ಲರನ್ನೂ ನಗಿಸಿದ್ದ. ಅವಳೂ ನಕ್ಕಿದ್ದಳು. ಆ ಮಾತನ್ನು ಈಗ ತಿದ್ದಬೇಕಾಗಿದೆ. ನಿಮ್ಮೆದುರು ಕುಳಿತು ಹೇಳಲು ನನಗೆ ನಾಚಿಕೆ, ಅದಕ್ಕೇ ಬರೆಯುತ್ತಿದ್ದೇನೆ. ಊರ ಶಾಲೆಯಲ್ಲಿ ಏಳನೇ ಕ್ಲಾಸಿನ ತನಕ ಕಲಿತ ಬರವಣಿಗೆ. ಕಾಗುಣಿತ ತಪ್ಪಿದ್ದರೆ ನೀವೇ ಸರಿಮಾಡಿಕೊಳ್ಳಿ.

ನಾನು ಮದುವೆಯಾಗಿ ಅಟ್ಟೂರಿಗೆ ಬಂದಾಗ ಇಲ್ಲಿ ಒಂದೇ ಮನೆ ಇತ್ತು. ಮನೆಯ ಮುಂಬಾಗಿಲು ಊರ ಕಡೆಗೆ, ಹಿತ್ತಿಲು ಹೊಲದ ಕಡೆಗೆ. ಹಿತ್ತಿಲಲ್ಲಿ ಒಂದು ಹುಣಸೆ ಮರ, ಅದರಾಚೆ ತಿಪ್ಪೆ. ಬೆಳಿಗ್ಗೆ ಕೊಟ್ಟಿಗೆ ಗುಡಿಸಿ, ಮಂಕರಿ ತುಂಬ ಸಗಣಿ ಹೊತ್ತುಕೊಂಡು ಹೋಗಿ ತಿಪ್ಪೆಗೆ ಹಾಕಿ ಬರುವುದು ನನ್ನ ಕೆಲಸ. ನಾಲ್ಕು ವರ್ಷದ ಮೇಲೆ ನನ್ನ ಮೈದುನನಿಗೆ ಮದುವೆಯಾಯಿತು. ನಿಮ್ಮ ಚಿಕ್ಕಜ್ಜಿ ಬಂದಳು. ಆಮೇಲೆ ಇಬ್ಬರೂ ಎರಡು ಮಂಕರಿ ಹೊತ್ತು ಹೋಗುತ್ತಿದ್ದೆವು. ಅವಳಿಗೆ ಸಗಣಿ ಮಂಕರಿ ಹೊತ್ತೂ ಹಾಡು ಗುನುಗಲು ಬರುತ್ತಿತ್ತು. ಅತ್ತೆ ಅದನ್ನು ಕೇಳಿ, "ದೊಡ್ಡೋಳು ಬಂದು ಇಷ್ಟು ವರ್ಷ ಆಯ್ತು, ಒಂದಿನ ಅವಳ ಗಂಟಲು ಎಂಗಿದೆ ಅಂತ ಗೊತ್ತಾಗ್ಲಿಲ್ಲ" ಎಂದರು. ನಾನು ತಿಪ್ಪೆಯ ಕಡೆ ನಡೆದೆ. ನನ್ನ ಹೊಟ್ಟೆಕಿಚ್ಚು ಶುರುವಾದ ದಿನ ಅದೇ ಇರಬೇಕು.

ಮುಂದೆ ದನಗಳು ಹೋದವು, ಹೊಲ ಲೇಔಟ್ ಆಯಿತು. ಹೊಸ ರಸ್ತೆ ನಮ್ಮ ಹಿತ್ತಿಲ ಬೇಲಿಯನ್ನು ಸವರಿಕೊಂಡು ಬಂತು. ಅಣ್ಣತಮ್ಮಂದಿರು ಹಳೆಯ ಮನೆ ಕೆಡವಿ ಜಾಗ ಪಾಲು ಮಾಡಿಕೊಂಡರು. ನಮ್ಮ ಕಡೆ ದೊಡ್ಡವನು ಪಾಲು ಮಾಡಬೇಕು, ಚಿಕ್ಕವನು ಮೊದಲು ಆರಿಸಿಕೊಳ್ಳಬೇಕು. ಹಾಗಿದ್ದರೆ ಪಾಲು ಮಾಡುವವನು ಮೋಸ ಮಾಡುವುದಿಲ್ಲ. ನಿಮ್ಮ ತಾತ ಜಾಗವನ್ನು ಅಳೆದು ಸಮನಾಗಿ ಎರಡು ಮಾಡಿದರು. ಮೈದುನ ಪಶ್ಚಿಮದ್ದು ಆರಿಸಿಕೊಂಡ. ನಮಗೆ ಪೂರ್ವದ ಮೂಲೆ ಸೈಟು ಉಳಿಯಿತು.

ಅಷ್ಟು ಹೊತ್ತಿಗೆ ಹುಣಸೆ ಮರ ಇರಲಿಲ್ಲ. ತಿಪ್ಪೆಯನ್ನು ಯಾವಾಗಲೋ ಕೆಮ್ಮಣ್ಣು ಹಾಕಿ ಮುಚ್ಚಿದ್ದರು. ಆದರೂ ನನ್ನ ತಲೆಯಲ್ಲಿ ತಿಪ್ಪೆ ಎಲ್ಲಿತ್ತೆಂದು ಗಟ್ಟಿಯಾಗಿತ್ತು. ಮಂಕರಿ ಹೊತ್ತು ನಡೆದ ಕಾಲಲ್ಲವೇ. ಮಧ್ಯದಿಂದ ಪಶ್ಚಿಮಕ್ಕೆ, ಅಂದರೆ ಅವಳ ಪಾಲಿನಲ್ಲಿ. ಅವತ್ತು ರಾತ್ರಿ ಊಟಕ್ಕೆ ಬಡಿಸುತ್ತಾ ನಿಮ್ಮ ತಾತನಿಗೆ ಹೇಳಿದೆ: "ಆರುಸ್ಕೊಂಡಿದ್ದೇ ಆರುಸ್ಕೊಂಡಿದ್ದು, ಸರಿಯಾಗಿ ತಿಪ್ಪೆನೇ ಆರುಸ್ಕೊಂಡ್ರು." ಅವರು ಮುದ್ದೆ ಮುರಿದರು.

ಎರಡು ಮನೆಗಳೂ ಹೊಸ ರಸ್ತೆಯ ಕಡೆಗೆ ಮುಖಮಾಡಿ ಎದ್ದವು. ಹಿತ್ತಿಲು ಅಂಗಳವಾಯಿತು. ನಡುವೆ ಎದೆಯೆತ್ತರದ ಕಾಂಪೌಂಡು.

ಇಂಟರ್‌ಲಾಕ್ ಕಲ್ಲನ್ನು ಮೊದಲು ಹಾಕಿಸಿದವಳು ಅವಳು. ಕೆಂಪು, ಬೂದಿ ಬಣ್ಣದ ಕಲ್ಲು, ಜಡೆ ಹೆಣೆದಂತೆ ಓರೆಯಾಗಿ ಜೋಡಿಸಿದ್ದು. ಗೇಟಿನಿಂದ ಮೆಟ್ಟಿಲವರೆಗೆ ಕನ್ನಡಿಯಂತೆ ಸಮತಟ್ಟು. ಬೆಳಿಗ್ಗೆ ಪೈಪು ಹಿಡಿದು ತೊಳೆಯುತ್ತಿದ್ದಳು. ನೀರು ಒಂದು ಹನಿಯೂ ನಿಲ್ಲದೆ ಗೇಟಿನಾಚೆ ಓಡುತ್ತಿತ್ತು. ಅದರ ಮೇಲೆ ರಂಗೋಲಿ ಹಾಕಿದರೆ ಹೋಗುವವರು ಸ್ಕೂಟರ್ ನಿಲ್ಲಿಸಿ ನೋಡುತ್ತಿದ್ದರು. ನನ್ನದು ಮಣ್ಣಂಗಳ. ನಾನು ಎಷ್ಟು ಗುಡಿಸಿದರೂ ಅದು ಗುಡಿಸಿದ ಮಣ್ಣೇ.

"ನಮಗೂ ಅದೇ ಕಲ್ಲು ಹಾಕ್ಸಿ" ಎಂದೆ ನಿಮ್ಮ ತಾತನಿಗೆ.

"ಹಾಕ್ಸಣ. ಮಣ್ಣು ಚೆನ್ನಾಗಿ ಕೂರ್ಲಿ. ಮಳೆಗಾಲ ಮುಗೀಲಿ."

"ಗೌರಿ ಹಬ್ಬದೊಳಗೆ ಆಗ್ಬೇಕು. ಹಬ್ಬಕ್ಕೆ ಬಂದೋರೆಲ್ಲ ಅವ್ರ ಮನೆ ಅಂಗಳ ನೋಡ್ಕೊಂಡು ನಮ್ಮನೆ ಒಳಗ್ ಬರ್ತಾರೆ."

ಅವರಿಗೆ ನಗು ಬಂತು. ಆದರೂ ಹಾಕಿಸಿದರು. ನಾಲ್ಕು ದಿನದಲ್ಲಿ ಕೆಲಸ ಮುಗಿಯಿತು. ನೆಲವನ್ನು ದಿಮ್ಮಸಿನಿಂದ ಬಡಿದು ಮಣ್ಣು ಕೂರಿಸಲಿಲ್ಲ. ಮೇಲೆ ಮರಳು ಹರಡಿದರು, ಕಲ್ಲು ಜೋಡಿಸಿದರು, ಹೋದರು. ಆ ಆತುರ ನನ್ನದು. ಇದನ್ನು ನಿಮ್ಮ ಅಪ್ಪನಿಗೂ ನಾನು ಹೇಳಿರಲಿಲ್ಲ.

ಮರುವರ್ಷದ ಮಳೆಗೆ ಗೇಟಿನ ಒಳಗೆ, ಕಾರಿನ ಎಡಗಡೆಯ ಚಕ್ರ ನಿಲ್ಲುವ ಕಡೆ, ಕಲ್ಲುಗಳು ಕುಸಿಯತೊಡಗಿದವು. ಮೊದಲು ತಟ್ಟೆಯಷ್ಟು, ಆಮೇಲೆ ಮೊರದಷ್ಟು, ಆಮೇಲೆ ಒಂದು ಹಸು ಮಲಗುವಷ್ಟು. ಮಳೆ ಬಂದರೆ ಅಲ್ಲಿ ನೀರು. ನೀವು ಕಾಗದದ ದೋಣಿ ಬಿಟ್ಟಿದ್ದು ಅಲ್ಲೇ. ನಿಮ್ಮ ತಾತ ಬೆಳಿಗ್ಗೆ ಎದ್ದವರೇ ಲುಂಗಿ ಎತ್ತಿ ಕಟ್ಟಿ, ಕಡ್ಡಿ ಪೊರಕೆಯಿಂದ ಆ ನೀರನ್ನು ಗೇಟಿನಾಚೆಗೆ ತಳ್ಳುತ್ತಿದ್ದರು. ಸರ್, ಸರ್ ಎಂಬ ಆ ಸದ್ದು ಕೇಳಿದ ಮೇಲೆಯೇ ನಾನು ಕಾಫಿಗೆ ಇಡುತ್ತಿದ್ದುದು. ಅವರು ತೀರಿಕೊಂಡ ಮೇಲೆ ನೀರು ನಿಂತೇ ಇರುತ್ತಿತ್ತು. ನಾನು ಕಿಟಕಿಯಿಂದ ನೋಡುತ್ತಿದ್ದೆ. ಪೊರಕೆ ಹಿಡಿಯಲು ನನಗೆ ಮನಸ್ಸೇ ಬರುತ್ತಿರಲಿಲ್ಲ.

ಕಿಟಕಿಯಿಂದ ಆಚೆಯ ಅಂಗಳವೂ ಕಾಣುತ್ತಿತ್ತು. ಸಾಯಂಕಾಲ ನನ್ನ ಮೈದುನ ಆ ಸಮತಟ್ಟು ಕಲ್ಲಿನ ಮೇಲೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದ. ಅವಳು ಮೆಟ್ಟಿಲ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದಳು. ಅವನು ಏನೋ ಹೇಳುತ್ತಿದ್ದ, ಅವಳು "ಸುಮ್ನಿರಿ ಸಾಕು" ಎನ್ನುತ್ತಿದ್ದಳು. ಇಷ್ಟೇ. ನಾನು ಕರ್ಟನ್ ಎಳೆದು, ತಿಪ್ಪೆಯ ಮೇಲಿರುವ ಅವಳ ಅಂಗಳ ಹೇಗೆ ಕುಸಿಯದೆ ನಿಂತಿದೆ, ಗಟ್ಟಿ ನೆಲದ ನನ್ನ ಅಂಗಳ ಹೇಗೆ ಕುಸಿಯಿತು ಎಂದು ಯೋಚಿಸುತ್ತಿದ್ದೆ. ದೇವರಿಗೂ ಅವಳ ಮೇಲೇ ಪ್ರೀತಿ ಇರಬೇಕು ಅನ್ನಿಸುತ್ತಿತ್ತು.

ಎರಡು ವರ್ಷದ ಹಿಂದೆ, ಬೇಸಿಗೆಯಲ್ಲಿ, ನಿಮ್ಮಲ್ಲಿ ದೊಡ್ಡವಳ ಮದುವೆ ಗೊತ್ತಾಯಿತು. ಮದುವೆ ಯಲಹಂಕದ ಛತ್ರದಲ್ಲಿ. ಆದರೆ ಚಪ್ಪರದ ಶಾಸ್ತ್ರ ಮನೆಯ ಮುಂದೆಯೇ ಆಗಬೇಕಲ್ಲ. ಹಾಲು ಬರುವ ಮರದ ಕೊಂಬೆ ತಂದು, ಹಾಲುಗಂಬವೆಂದು ಅಂಗಳದಲ್ಲಿ ನೆಟ್ಟು, ಮುತ್ತೈದೆಯರು ಹಾಲೆರೆದು ಪೂಜೆ ಮಾಡಬೇಕು. ಈ ಮನೆಯ ಮೊದಲ ಮೊಮ್ಮಗಳ ಚಪ್ಪರ ನನ್ನ ಬಾಗಿಲ ಮುಂದೆ ಏಳಬೇಕೆಂಬ ಒಂದೇ ಆಸೆ ನನಗೆ. ನಿಮ್ಮ ತಾತ ಇದ್ದಿದ್ದರೆ ಕಂಬಕ್ಕೆ ಗುಣಿ ತೋಡುವವರು ಅವರೇ.

ಚಪ್ಪರಕ್ಕೆ ಹತ್ತು ದಿನ ಇರುವಾಗ ಶಾಮಿಯಾನದವನು ಬಂದು ಅಂಗಳ ನೋಡಿ ಹೋದ. ನಿಮ್ಮ ಅಪ್ಪ ಎಲೆಕ್ಟ್ರಿಕಲ್ ಅಂಗಡಿ ಮುಚ್ಚಿ ಮನೆಗೆ ಬಂದು, ಚಪ್ಪಲಿ ಬಿಡುತ್ತಲೇ ಹೇಳಿದ.

"ಅಮ್ಮ, ಚಪ್ಪರ ಚಿಕ್ಕಮ್ಮನ ಮನೆ ಮುಂದೆ ಹಾಕ್ಸೋಣ."

ನಾನು ಅವನಿಗೆ ಕುಡಿಯಲು ನೀರು ತಂದಿಟ್ಟೆ.

"ನಮ್ದು ಗುಂಡಿ ಅಲ್ವಾ. ಕುರ್ಚಿ ಹಾಕಿದ್ರೆ ಒಂದು ಕಾಲು ಮೇಲೆ ಒಂದು ಕೆಳಗೆ. ಬೀಗರ ಕಡೆಯೋರು ಯಾರಾದ್ರೂ ವಯಸ್ಸಾದೋರು ಬಿದ್ರೆ? ಅವ್ರದು ಲೆವೆಲ್ಲಾಗಿದೆ. ಚಿಕ್ಕಮ್ಮನೂ ಆಗ್ಲಿ ಅಂದ್ರು."

"ಕೇಳೇ ಬಿಟ್ಟಾ ಆಗ್ಲೇ?"

"ಕೇಳಿದ್ರೆ ಏನಾಯ್ತಮ್ಮಾ. ಬೇರೆಯೋರಾ?"

ಬೇರೆಯವಳಲ್ಲ, ನಿಜ. ಬೇರೆಯವಳಾಗಿದ್ದರೆ ನನಗೆ ಅಷ್ಟು ಉರಿಯುತ್ತಿರಲಿಲ್ಲ. ನಾನು ಆ ರಾತ್ರಿ ಊಟ ಬಿಟ್ಟೆ. ನನ್ನ ಮಾತು ನಡೆಯಲು ನನಗೆ ಗೊತ್ತಿದ್ದ ದಾರಿ ಅದೊಂದೇ. ಬೆಳಿಗ್ಗೆ ನಿಮ್ಮ ಅಪ್ಪ ಫೋನಿನಲ್ಲಿ ಯಾರಿಗೋ ಹೇಳುತ್ತಿದ್ದುದು ಕೇಳಿಸಿತು: "ಎರಡು ದಿನದಲ್ಲಿ ಎತ್ತಿ ಲೆವೆಲ್ ಮಾಡಿಕೊಡ್ತೀರಾ ಗುರು? ಮನೇಲಿ ಅಮ್ಮ ಹಠ ಮಾಡ್ಕೊಂಡು ಕೂತಿದಾರೆ."

ಮೇಸ್ತ್ರಿ ಇಲ್ಲೇ ಹತ್ತಿರದ ಸಿಂಗಾಪುರ ಹಳ್ಳಿಯ ಕಡೆಯಿಂದ ಬಂದ. ಐವತ್ತು ದಾಟಿದವನು, ಕಿವಿಯ ಮೇಲೆ ಪೆನ್ಸಿಲ್. ಜೊತೆಗೆ ಅವನ ಹೆಂಡತಿ. ಅವನು ಅಳೆಯುವುದು, ಜೋಡಿಸುವುದು. ಅವಳು ಎತ್ತುವುದು, ಹೊರುವುದು. ನಾನು ಎಂದಿನಂತೆ ಬಾಗಿಲ ಪರದೆಯ ಹಿಂದೆ ನಿಂತೆ. ಹೊರಗಿನ ಗಂಡಸರ ಜೊತೆ ಮಾತಾಡಲು ನನಗೆ ಇವತ್ತಿಗೂ ನಾಲಿಗೆ ಏಳುವುದಿಲ್ಲ.

ಇಬ್ಬರೂ ಸೇರಿ ಕುಸಿದ ಕಡೆಯ ಕಲ್ಲುಗಳನ್ನು ಒಂದೊಂದೇ ಎಬ್ಬಿಸಿದರು. ಮೊದಲ ಕಲ್ಲು ಎಬ್ಬಿಸುವುದು ಕಷ್ಟ, ಎರಡು ಉಳಿ ಹಾಕಿ ಮೀಟಬೇಕು. ಅದೊಂದು ಎದ್ದರೆ ಉಳಿದವು ತಾವಾಗಿಯೇ ಕೈಗೆ ಬರುತ್ತವೆ. ಆ ಹೆಂಗಸು ಕಲ್ಲುಗಳ ಮಣ್ಣು ಕೆರೆದು, ಬಣ್ಣ ಬೇರೆ ಮಾಡಿ, ಕಾಂಪೌಂಡಿಗೆ ಒರಗಿಸಿ ಜೋಡಿಸಿದಳು. ಕಲ್ಲಿನಡಿ ಮರಳು, ಮರಳಿನಡಿ ಕೆಮ್ಮಣ್ಣು. ನೋಡಲು ಎಲ್ಲ ಸರಿಯಾಗಿಯೇ ಇತ್ತು. ಮೇಸ್ತ್ರಿ ಹಾರೆ ತೆಗೆದುಕೊಂಡು ಕೆಮ್ಮಣ್ಣಿಗೆ ಒಂದು ಪೆಟ್ಟು ಹಾಕಿದ. ಹಾರೆ ನಿಲ್ಲಲಿಲ್ಲ. ಬಿಸಿ ಮುದ್ದೆಗೆ ಬೆರಳಿಟ್ಟ ಹಾಗೆ ಮೊಳದುದ್ದ ಒಳಗೆ ಹೋಯಿತು.

ಅವನು ಹಾರೆ ಹಿಡಿದೇ ಪರದೆಯ ಕಡೆ ತಿರುಗಿ ಕೇಳಿದ. "ಅಮ್ಮಾ, ಇಲ್ಲಿ ಮುಂಚೆ ಏನಿತ್ತು? ಬಾವಿ ಗೀವಿ? ಪಿಟ್ಟು?"

"ಏನೂ ಇರಲಿಲ್ಲ" ಎಂದೆ ಪರದೆಯ ಹಿಂದಿನಿಂದ. ಸುಳ್ಳು ಹೇಳಿದ್ದಲ್ಲ, ನನಗೆ ಹಾಗೇ ಗೊತ್ತಿತ್ತು.

"ಮತ್ತೆ ಮಣ್ಣು ಯಾಕಿಂಗೆ ಪೊಳ್ಳು?" ಎಂದು ತನ್ನಷ್ಟಕ್ಕೆ ಹೇಳಿಕೊಂಡ. "ಹೋಗ್ಲಿ ಬಿಡಿ. ಇನ್ನೊಂದ್ ಲೋಡು ಮರಳು ಹಾಕಿ ಲೆವೆಲ್ ಮಾಡ್ತೀನಿ. ನಾಳೆ ಸಾಯಂಕಾಲಕ್ಕೆ ಕಲ್ಲು ಕೂತಿರ್ತವೆ. ನಿಮ್ಮ ಮದುವೆಗೆ ಏನೂ ತೊಂದ್ರೆ ಇಲ್ಲ. ಆಮೇಲೆ ಎರಡು ಮಳೆಗಾಲಕ್ಕೆ ಮತ್ತೆ ಕುಸಿದ್ರೆ ಮಾತ್ರ ನಂಗ್ ಬೈಬೇಡಿ."

ಗಂಡಹೆಂಡತಿ ಊಟಕ್ಕೆ ಡಬ್ಬಿ ತೆಗೆದುಕೊಂಡು ಬೀದಿಯ ಹೊಂಗೆ ಮರದ ಕೆಳಗೆ ಹೋದರು. ಮನೆಯಲ್ಲಿ ಯಾರೂ ಇರಲಿಲ್ಲ. ನಾನು ಹೊರಗೆ ಬಂದು, ಮಂಡಿಯೂರಿ, ಹಾರೆ ಹೋದ ತೂತಿಗೆ ಕೈ ಹಾಕಿದೆ. ಬೆರಳಿಗೆ ಸಿಕ್ಕಿದ ಮಣ್ಣು ಕಪ್ಪಗಿತ್ತು, ಹಗುರಾಗಿತ್ತು, ತಣ್ಣಗಿತ್ತು. ಹಿಂಡಿದರೆ ಉಂಡೆ, ಬಿಟ್ಟರೆ ಪುಡಿ. ಮೂಗಿನ ಹತ್ತಿರ ತಂದೆ. ಇಷ್ಟು ವರ್ಷದ ಮೇಲೆ ಸಗಣಿಯ ವಾಸನೆ ಉಳಿದಿರುವುದಿಲ್ಲ. ಆದರೆ ಕಳಿತ ಗೊಬ್ಬರಕ್ಕೆ ಒಂದು ವಾಸನೆ ಇದೆ, ಮೊದಲ ಮಳೆಗೆ ಹೊಲದಿಂದ ಏಳುವಂಥದ್ದು. ಅದು ನನಗೆ ಗೊತ್ತಾಗದೆ ಇನ್ನಾರಿಗೆ ಗೊತ್ತಾಗಬೇಕು? ಅದರಲ್ಲಿ ಅರ್ಧ ನಾನೇ ಹೊತ್ತು ಹಾಕಿದ್ದು.

ಅಲ್ಲಿಯೇ ಕೂತು ಲೆಕ್ಕ ಹಾಕಿದೆ. ಹೊಸ ರಸ್ತೆ ಬಂದಾಗ ಪೂರ್ವದ ಬೀದಿಯನ್ನೂ ಅಗಲ ಮಾಡಿದ್ದರು. ನಮ್ಮ ಜಾಗದ ಪೂರ್ವದ ಅಂಚು ಅದಕ್ಕೆ ಹೋಗಿತ್ತು. ನಿಮ್ಮ ತಾತ ಅಳೆದು ಎರಡು ಮಾಡಿದ್ದು ಉಳಿದ ಜಾಗವನ್ನು. ಹಾಗಾಗಿ ಮಧ್ಯದ ಗೆರೆ ಪಶ್ಚಿಮಕ್ಕೆ ಸರಿದಿತ್ತು, ಅದರ ಜೊತೆಗೆ ತಿಪ್ಪೆ ನನ್ನ ಪಾಲಿಗೆ ಬಂದಿತ್ತು. ನಾನು ಮಾತ್ರ ಹಳೆಯ ಹಿತ್ತಿಲಲ್ಲೇ, ಹಳೆಯ ಹುಣಸೆ ಮರದಿಂದಲೇ, ಹೆಜ್ಜೆ ಎಣಿಸುತ್ತಾ ಇದ್ದೆ. ಇಪ್ಪತ್ತು ವರ್ಷ ಅವಳನ್ನು ತಿಪ್ಪೆಯ ಮೇಲೆ ಕೂರಿಸಿ ನಕ್ಕವಳು, ತಿಪ್ಪೆಯ ಮೇಲೆ ಸಂಸಾರ ಮಾಡಿದವಳು ನಾನೇ.

ಮಕ್ಕಳೇ, ಆಗ ನನ್ನ ಮನಸ್ಸಿಗೆ ಬಂದದ್ದನ್ನೂ ಬರೆದುಬಿಡುತ್ತೇನೆ. ಯಾರೂ ನೋಡಿಲ್ಲ. ಆ ಮಣ್ಣನ್ನು ತೂತಿಗೆ ತಳ್ಳಿ ಕೈ ತೊಳೆದುಕೊಂಡರೆ ಮುಗಿಯಿತು. ನಾಳೆ ಕಲ್ಲು ಕೂರುತ್ತದೆ, ಚಪ್ಪರ ನನ್ನ ಬಾಗಿಲಲ್ಲಿ ಏಳುತ್ತದೆ. ತಿಪ್ಪೆ ಅವಳ ಕಡೆಯೇ ಉಳಿಯುತ್ತದೆ. ನಿಜ ಹೇಳಿದರೆ ಇಡೀ ಗುಂಡಿ ಅಗೆಯಬೇಕು. ಚಪ್ಪರ ಅವಳ ಪಾಲು, ನಗೆಪಾಟಲು ನನ್ನ ಪಾಲು.

ಕೈ ತೊಳೆಯಲು ನಲ್ಲಿಯ ಹತ್ತಿರ ಹೋದೆ. ಗೋಡೆಗೆ ಒರಗಿಸಿದ್ದ ನಿಮ್ಮ ತಾತನ ಕಡ್ಡಿ ಪೊರಕೆ ಅಲ್ಲೇ ಇತ್ತು. ಸವೆದು ಮೋಟಾಗಿತ್ತು. ನನ್ನ ನಾಲ್ಕು ದಿನದ ಆತುರಕ್ಕೆ ಅವರು ಎಷ್ಟು ಬೆಳಗು ಬಗ್ಗಿ ನೀರು ತಳ್ಳಿದರೋ. ಒಂದು ದಿನವೂ "ನೀನು ಆತುರ ಮಾಡಿದೆ" ಎನ್ನಲಿಲ್ಲ. ನಾನು ನಲ್ಲಿ ತಿರುಗಿಸಲಿಲ್ಲ. ಮಣ್ಣಿನ ಕೈಯಲ್ಲೇ ಮೆಟ್ಟಿಲ ಮೇಲೆ ಕುಳಿತೆ.

ಮೇಸ್ತ್ರಿ ಬಂದಾಗ ನಾನು ಪರದೆಯ ಹೊರಗೇ ಇದ್ದೆ. ಅವನ ಮುಖ ನೋಡಲಾಗದೆ ಅವನ ಹೆಂಡತಿಗೆ ಹೇಳಿದೆ. "ನೋಡಮ್ಮಾ, ಇಲ್ಲಿ ತಿಪ್ಪೆ ಇತ್ತು. ನಾನೇ ಹಾಕಿದ್ದು. ಎದೆಯುದ್ದ ಆಳ ಇದ್ದೀತು."

ಅವಳು ಗಂಡನ ಕಡೆ ತಿರುಗಿ, "ಕೇಳ್ತಾ? ತಿಪ್ಪೆಯಂತೆ" ಎಂದಳು, ಅವನಿಗೆ ನನ್ನ ಭಾಷೆ ಬಾರದು ಎಂಬಂತೆ.

ಅವನು ಪೆನ್ಸಿಲ್ ತೆಗೆದು ಕಿವಿ ತುರಿಸಿಕೊಂಡ. "ಅಂಗಾದ್ರೆ ಎಲ್ಲಾ ತೆಗೀಬೇಕು ಕಣಮ್ಮ. ಕರೀ ಮಣ್ಣು ಒಂದು ಹಿಡಿ ಇರಬಾರ್ದು. ಜಲ್ಲಿ, ಕೆಮ್ಮಣ್ಣು ಪದರ ಪದರವಾಗಿ ಹಾಕಿ, ನೀರು ಬಿಟ್ಟು, ದಿಮ್ಮಸು ಹೊಡೀಬೇಕು. ಆರು ದಿನ ಬೇಕು. ಕಲ್ಲು ಈಗ ಜೋಡ್ಸಲ್ಲ ನಾನು. ಒಂದು ಮಳೆಗಾಲ ಕುಡೀಲಿ ನೆಲ. ದೀಪಾವಳಿ ಕಳುದ್ಮೇಲೆ ಬಂದು ಜೋಡಿಸ್ಕೊಡ್ತೀನಿ."

ಕಾಂಪೌಂಡಿನ ಆಚೆ ನಿಮ್ಮ ಚಿಕ್ಕಜ್ಜಿ ಬಟ್ಟೆ ಒಣಗಿಸುತ್ತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. ಒದ್ದೆ ಸೀರೆ ಹೆಗಲ ಮೇಲೆ ಹಾಕಿಕೊಂಡೇ ನಮ್ಮ ಗೇಟು ತೆಗೆದು ಬಂದು, ಬಗ್ಗಿ ಒಂದು ಹಿಡಿ ಕಪ್ಪು ಮಣ್ಣು ತೆಗೆದಳು. ಹಿಂಡಿ ನೋಡಿದಳು. ಈಗ ಹೇಳುತ್ತಾಳೆ, ಈಗ ಎಲ್ಲದಕ್ಕೂ ಸೇರಿಸಿ ಹೇಳುತ್ತಾಳೆ ಎಂದು ನಾನು ಸೆರಗು ಬಿಗಿಯಾಗಿ ಹಿಡಿದು ನಿಂತೆ.

"ಎಂಥ ಗೊಬ್ಬರ ಅಕ್ಕ. ಈಗ ದುಡ್ ಕೊಟ್ರೂ ಸಿಕ್ಕಲ್ಲ ಇಂಥದ್ದು" ಎಂದಳು.

"ನಿಮ್ಮ ಕಡೆ ಇತ್ತು ಅನ್ಕೊಂಡಿದ್ದೆ" ಎಂದೆ.

"ನಂಗ್ ಗೊತ್ತಿತ್ತು ಬಿಡಿ."

"ಏನ್ ಗೊತ್ತಿತ್ತು?"

"ನಿಮ್ ಕಡೆ ಐತೆ ಅಂತ. ಪಾಯ ತೆಗೆಯುವಾಗ ನಮ್ ಕಡೆ ಒಂದು ಚೂರೂ ಕರೀ ಮಣ್ಣು ಬರಲಿಲ್ಲ. ಇವ್ರೂ ನೋಡಿದ್ರು."

"ಮತ್ತೆ ಹೇಳ್ಬಾರ್ದಾಗಿತ್ತಾ? ಮಕ್ಕಳೆಲ್ಲ ಮೂಗು ಮುಚ್ಕೊಂಡು ಓಡಾಡಿದ್ವು."

"ಓಗ್ಲಿ ಬಿಡಿ ಅಕ್ಕ" ಎಂದು ನಕ್ಕಳು. "ನೀವು ಬಾಯ್ಬಿಟ್ಟು ಒಂದು ತಮಾಷೆ ಮಾಡ್ತಿದ್ದಿದ್ದೇ ಅದೊಂದು. ಅದನ್ನೂ ಕಿತ್ಕೊಳ್ಳೋದ್ ಯಾಕೆ?"

ಅವಳು ನನ್ನನ್ನು ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಅಷ್ಟು ವರ್ಷ ತಿಳಿದೂ ಸುಮ್ಮನಿದ್ದಳಲ್ಲ, ಆ ಒಳ್ಳೆಯತನದ ಮೇಲೂ ನನಗೆ ಹೊಟ್ಟೆ ಉರಿಯಿತು. ಅದೂ ಅವಳಿಗೇ ಇರಬೇಕೇ?

ಸಾಯಂಕಾಲ ಎಲ್ಲರೂ ನಮ್ಮ ಜಗಲಿಯ ಮೇಲೆ ಸೇರಿದರು. ನಿಮ್ಮ ಅಪ್ಪ ಗುಂಡಿ ನೋಡಿ ತಲೆ ಮೇಲೆ ಕೈ ಇಟ್ಟುಕೊಂಡ. "ಸರಿ ಹೋಯ್ತು. ಇನ್ನು ಡೌಟೇ ಇಲ್ಲ, ಚಪ್ಪರ ಚಿಕ್ಕಮ್ಮನ ಮನೆ ಮುಂದೇನೇ."

ನನ್ನ ಮೈದುನ ಮಾತ್ರ ಗಡ್ಡ ಕೆರೆದುಕೊಂಡ. "ಆಗ್ಲಿ. ಆದ್ರೆ ನಮ್ ಕಡೆ ಕಲ್ಲಿನ ಅಡೀಲಿ ಕಾಂಕ್ರೀಟ್ ಹಾಕ್ಸಿದೀನಿ. ಹಾಲುಗಂಬ ನೆಡಕ್ಕಾಗಲ್ಲ. ಡ್ರಮ್ಮಲ್ಲಿ ಮರಳು ತುಂಬಿ ನಿಲ್ಲಿಸ್ಬೇಕು."

"ಈಗೆಲ್ಲ ಹಾಗೇ ಮಾಡೋದು ಚಿಕ್ಕಪ್ಪ. ಡ್ರಮ್ಮಿಗೆ ಬಟ್ಟೆ ಸುತ್ತಿದ್ರೆ ಗೊತ್ತಾಗಲ್ಲ."

ಕಾಂಕ್ರೀಟು! ಅವಳ ಅಂಗಳ ಕುಸಿಯದೆ ನಿಂತಿದ್ದಕ್ಕೆ ದೇವರು ಕಾರಣನಲ್ಲ ಎಂದು ನನಗೆ ಆಗ ತಿಳಿಯಿತು. ಒಳಗೆ ಏನೋ ಸ್ವಲ್ಪ ಹಗುರಾಯಿತು. ಆ ಧೈರ್ಯದಲ್ಲೇ ಇರಬೇಕು, ಬಾಯಿಂದ ಮಾತು ಬಂದೇಬಿಟ್ಟಿತು.

"ಆರು ದಿನಕ್ಕೆ ನೆಲ ಗಟ್ಟಿಯಾಗುತ್ತಂತೆ. ಕಲ್ಲು ಇಲ್ದೆ ಇದ್ರೇನು? ನಾನು ಸಾರಿಸ್ತೀನಿ."

"ಏನ್ ಸಾರಿಸ್ತೀಯಾ?" ಎಂದ ನಿಮ್ಮ ಅಪ್ಪ.

"ಸಗಣಿ ಹಾಕಿ. ಮುಂಚೆ ಎಲ್ರ ಮದುವೆ ಹೆಂಗಾಯ್ತು? ಕಂಬ ಮಣ್ಣಲ್ಲಿ ನಿಲ್ಲುತ್ತೆ."

"ಬೀಗರು ಏನಂದ್ಕೊಳ್ತಾರಮ್ಮ? ಮನೆ ಮುಂದೆ ಸಗಣಿ ಬಳ್ಕೊಂಡಿದಾರೆ ಅಂತಾರೆ."

ಆಗ ಮದುವೆಯ ಹುಡುಗಿ, ಅಂದರೆ ನಿಮ್ಮಲ್ಲಿ ದೊಡ್ಡವಳು, ಒಳಗಿನಿಂದ ಬಂದು, "ಅಪ್ಪಾ, ಡ್ರಮ್ಮಿನ ಪೂಜೆ ನಾನು ಮಾಡಲ್ಲ. ಅಜ್ಜಿ ಹೇಳಿದ್ದೇ ಇರಲಿ" ಎಂದಳು. ಕೊನೆಗೂ ತೀರ್ಮಾನವಾದದ್ದು ಅವಳ ಆ ಮಾತಿನಿಂದ. ಅದನ್ನು ನಾನು ಮರೆತಿಲ್ಲವೆಂದು ಅವಳಿಗೆ ತಿಳಿದಿರಲಿ.

ಎರಡು ದಿನ ಅಗೆದರು. ಮೇಸ್ತ್ರಿಯ ತಲೆ ಮಾತ್ರ ಕಾಣುವಷ್ಟು ಗುಂಡಿ. ಆಮೇಲೆ ಜಲ್ಲಿ, ಕೆಮ್ಮಣ್ಣು, ನೀರು, ಬಡಿತ. ಮತ್ತೆ ಜಲ್ಲಿ, ಕೆಮ್ಮಣ್ಣು, ನೀರು, ಬಡಿತ. ಒಂದೊಂದು ಪದರ ಮುಗಿದಾಗಲೂ ಆ ಹೆಂಗಸು ಹಿಮ್ಮಡಿಯಿಂದ ಗುದ್ದಿ ನೋಡುತ್ತಿದ್ದಳು. ಹಿಮ್ಮಡಿ ಒಳಗೆ ಹೋದರೆ, "ಇನ್ನೂ ಕೂತಿಲ್ಲ ಕಣ್ರೀ, ಬಡೀರಿ" ಎನ್ನುತ್ತಿದ್ದಳು. ಗಂಡ ಮತ್ತೆ ಬಡಿಯುತ್ತಿದ್ದ. ಅವರಿಬ್ಬರನ್ನು ನೋಡುತ್ತಾ, ಇವಳಿಗೂ ಬೈಯಲು ಒಬ್ಬ ಗಂಡ ಇದ್ದಾನೆ ಅನ್ನಿಸಿತು. ಕೂಲಿಗೆ ಬಂದವಳ ಮೇಲೂ ಹೊಟ್ಟೆಕಿಚ್ಚು. ನನ್ನ ಸ್ವಭಾವ ಇಷ್ಟು ಕೆಟ್ಟದ್ದೆಂದು ನನಗೇ ಗೊತ್ತಿರಲಿಲ್ಲ. ಅವತ್ತು ಅವರಿಬ್ಬರಿಗೂ ಊಟಕ್ಕೆ ಮನೆಯಿಂದಲೇ ಸಾರು, ಮುದ್ದೆ ಕೊಟ್ಟೆ.

ತೆಗೆದ ಕಪ್ಪು ಮಣ್ಣನ್ನು ಬೀದಿಯ ಬದಿಗೆ ರಾಶಿ ಹಾಕಿದ್ದರು. ನಿಮ್ಮ ಚಿಕ್ಕಜ್ಜಿ ಬಾಂಡ್ಲಿ ಹಿಡಿದು ಬಂದು, "ಅಕ್ಕ, ನನ್ನ ಕುಂಡಗಳಿಗೆ ಒಂದಿಷ್ಟು ತಗೊಳ್ಳಾ?" ಎಂದು ಕೇಳಿದಳು. "ತಗೋ, ಅರ್ಧ ನಿಂದೂ ಐತಲ್ಲ" ಎಂದೆ. ಅವಳು ತೆಗೆದುಕೊಂಡದ್ದು ಮಾತ್ರ ಒಂದಿಷ್ಟಲ್ಲ. ಉಳಿದದ್ದನ್ನು ನರ್ಸರಿಯವರು ಟ್ರ್ಯಾಕ್ಟರಿನಲ್ಲಿ ತುಂಬಿಕೊಂಡು ಹೋದರು.

ಚಪ್ಪರದ ಹಿಂದಿನ ದಿನ ನಾನು ಅಂಗಳ ಸಾರಿಸಿದೆ. ಊರೊಳಗೆ ಇನ್ನೂ ಮೂರು ಹಸು ಕಟ್ಟಿರುವ ಮನೆಯಿಂದ ಎರಡು ಬಕೆಟ್ ಸಗಣಿ ತರಿಸಿದ್ದೆ. ಗಂಡ ಸತ್ತವಳು ಕಂಬಕ್ಕೆ ಹಾಲೆರೆಯುವಂತಿಲ್ಲ, ರಂಗೋಲಿ ಹಾಕುವಂತಿಲ್ಲ, ಹಸೆಯ ಹತ್ತಿರ ಸುಳಿಯುವಂತಿಲ್ಲ ಎನ್ನುತ್ತಾರೆ. ನೆಲ ಸಾರಿಸಲು ಯಾರೂ ಅಡ್ಡಿ ಹೇಳುವುದಿಲ್ಲ. ಮೆಟ್ಟಿಲಿನಿಂದ ಶುರುಮಾಡಿ, ಹಿಂದಕ್ಕೆ ಹಿಂದಕ್ಕೆ ಸರಿಯುತ್ತಾ, ಕೈಯಳತೆಯ ಅರ್ಧಚಂದ್ರಗಳನ್ನು ಒಂದರ ಪಕ್ಕ ಒಂದು ಎಳೆಯುತ್ತಾ ಗೇಟಿನವರೆಗೆ ಬಂದೆ. ಮಂಡಿ ನೋವು ಆಮೇಲೆ ಗೊತ್ತಾಯಿತು. ನಿಮ್ಮ ತಾತ ನೀರು ತಳ್ಳುತ್ತಿದ್ದ ಜಾಗದಲ್ಲಿ ಎರಡು ಸಲ ಸಾರಿಸಿದೆ.

ಮರುದಿನ ಬೆಳಿಗ್ಗೆ ನಿಮ್ಮ ಚಿಕ್ಕಜ್ಜಿ ಹೊಸ ಸೀರೆ ಉಟ್ಟು, ಹೂ ಮುಡಿದು ಬಂದು ಅದರ ಮೇಲೆ ರಂಗೋಲಿ ಬಿಟ್ಟಳು. ಹಸಿರು ನೆಲದ ಮೇಲೆ ಬಿಳಿ ಎಳೆ ಎದ್ದು ಕಾಣುತ್ತಿತ್ತು. ಮೈದುನ ಗುಣಿ ತೋಡಿದ. ಗಟ್ಟಿ ನೆಲ, ಹಾರೆ ಟಣ್ಣೆಂದಿತು. ಆ ಸದ್ದು ನನಗೆ ಓಲಗಕ್ಕಿಂತ ಚೆನ್ನಾಗಿ ಕೇಳಿಸಿತು. ಕಂಬ ಮಣ್ಣಿನಲ್ಲಿ ನೆಟ್ಟಗೆ ನಿಂತಿತು. ಅವಳು ಹಾಲೆರೆದಳು. ನಾನು ಹೊಸ್ತಿಲ ಒಳಗೆ, ಪರದೆಯ ಪಕ್ಕ ನಿಂತಿದ್ದೆ. ಚಪ್ಪರ ನನ್ನ ಬಾಗಿಲ ಮುಂದೆಯೇ ಇತ್ತು. ನಾನು ಕೇಳಿದ್ದು ಅಷ್ಟೇ, ಸಿಕ್ಕಿದ್ದೂ ಅಷ್ಟೇ. ಹಾಲಿನ ಲೋಟ ಹಿಡಿದ ಅವಳ ಕೈಬಳೆಯ ಸದ್ದು ಒಳಗೆ ಕೇಳಿಸಿದಾಗ, ಇಷ್ಟು ವರ್ಷ ನಾನು ಕರುಬಿದ್ದು ಆ ಕಲ್ಲುಗಳಿಗಾಗಿ ಅಲ್ಲ ಎಂದು ತಿಳಿಯಿತು. ತಿಳಿದರೂ ಅದು ಹೋಗಲಿಲ್ಲ.

ಬೀಗರ ಕಡೆಯ ಹಿರಿಯ ಹೆಂಗಸೊಬ್ಬರು ರಂಗೋಲಿ ನೋಡಿ, "ಎಷ್ಟು ಚೆನ್ನಾಗಿ ಹಾಕಿದೀರಾ ಕಣ್ರೀ" ಎಂದರು ಅವಳಿಗೆ. ಇದೂ ಅವಳಿಗೇ ಅಂದುಕೊಂಡೆ.

"ರಂಗೋಲಿ ಯಾರಾದ್ರೂ ಹಾಕ್ತಾರೆ" ಎಂದಳು ಅವಳು. "ನೆಲ ನೋಡಿ. ಅದು ನಮ್ಮಕ್ಕಂದು."

ಆ ಹಿರಿಯರು ಚಪ್ಪಲಿ ಗೇಟಿನ ಹೊರಗೇ ಬಿಟ್ಟು, ಬರಿಗಾಲಲ್ಲಿ ಅಂಗಳ ದಾಟಿ ಬಂದು, "ಇಂಥ ನೆಲದ ಮೇಲೆ ಕಾಲಿಟ್ಟು ಎಷ್ಟು ದಿನ ಆಗಿತ್ತು" ಎಂದರು. ನಾನು ಕಾಫಿ ತರಲು ಒಳಗೆ ಹೋದೆ.

ದೀಪಾವಳಿ ಕಳೆದ ಮೇಲೆ ಮೇಸ್ತ್ರಿ, ಅವನ ಹೆಂಡತಿ ಮಾತಿನಂತೆ ಬಂದು ಅದೇ ಹಳೆಯ ಕಲ್ಲುಗಳನ್ನು ಜೋಡಿಸಿದರು. ರಬ್ಬರ್ ಸುತ್ತಿಗೆಯಲ್ಲಿ ಒಂದೊಂದನ್ನೂ ತಟ್ಟಿ ಕೂರಿಸಿದರು. ಈಗ ಎಷ್ಟು ಮಳೆ ಬಂದರೂ ನೀರು ನಿಲ್ಲುವುದಿಲ್ಲ. ನಿಮಗೆ ದೋಣಿ ಬಿಡಲು ಜಾಗವಿಲ್ಲ, ಅದಕ್ಕೆ ಬೇಜಾರು ಮಾಡಿಕೊಳ್ಳಬೇಡಿ. ಕಡ್ಡಿ ಪೊರಕೆಯನ್ನು ಮಾತ್ರ ಎಸೆದಿಲ್ಲ. ಸ್ಟೋರಿನಲ್ಲಿದೆ, ಯಾರೂ ಮುಟ್ಟಬೇಡಿ.

ಇನ್ನು ಚಿಕ್ಕಜ್ಜಿಯ ಕುಂಡಗಳು. ನಮ್ಮ ತಿಪ್ಪೆಯ ಮಣ್ಣಿನಲ್ಲಿ ಅವಳ ದುಂಡುಮಲ್ಲಿಗೆ ಕಾಂಪೌಂಡು ಮೀರಿ ಬೆಳೆದಿದೆ. ಪಕ್ಕದಲ್ಲೇ ಇರುವ ನನ್ನ ಕುಂಡದಲ್ಲಿ ಅದೇ ಮಲ್ಲಿಗೆ, ನರ್ಸರಿಯ ಗೊಬ್ಬರ ಹಾಕಿದ್ದು, ದಿನಕ್ಕೆ ನಾಲ್ಕು ಮೊಗ್ಗು ಬಿಟ್ಟರೆ ಹೆಚ್ಚು. ಬೆಳಿಗ್ಗೆ ಅವಳು ಬಟ್ಟಲು ತುಂಬ ಹೂ ಕಿತ್ತು ಕಾಂಪೌಂಡಿನ ಮೇಲಿಟ್ಟು, "ಅಕ್ಕ, ಭಾವನ ಫೋಟೋಗೆ" ಎಂದು ಕೂಗುತ್ತಾಳೆ. ನಾನು ಹೋಗಿ ತರುತ್ತೇನೆ. ಫೋಟೋಗೆ ಮುಡಿಸುವಾಗ, ಇದು ನಾನು ಹೊತ್ತ ಗೊಬ್ಬರದ್ದು, ಅವಳು ಕಿತ್ತಿದ್ದಷ್ಟೇ ಎಂದು ನಿಮ್ಮ ತಾತನಿಗೆ ಹೇಳುತ್ತೇನೆ.

ಒಂದು ಬಾಂಡ್ಲಿ ಮಣ್ಣನ್ನು ಅವಳಿಂದ ವಾಪಸ್ ಕೇಳಬೇಕೆಂದಿದ್ದೇನೆ. ಇನ್ನೂ ಬಾಯಿ ಬಂದಿಲ್ಲ.